ನೂರು ಪೆಸೊ ನಾಣ್ಯ

ತಾಲ್ತಾಲಿನ ಕಡಲಂಚಿಂದ ಗಣಿಯವರೆಗೆ
ಮೂವತ್ತೊಂದು ಕಿಲೋಮೀಟರು ಈ ಪೈಪು.
ಒಳಗೆ ಸಮುದ್ರ ಗುಡ್ಡ ಹತ್ತುತ್ತದೆ,
ಹೊರಗೆ ಕುಡಿಯಲು ಒಂದು ಹನಿಯಿಲ್ಲ.

ಗಾಜಿನ ನೂಲು, ರಾಳದ ಅಂಟು.
ಕಬ್ಬಿಣವಲ್ಲ, ತುಕ್ಕು ಹಿಡಿಯದು ಎಂದಿದ್ದರಂತೆ
ಮಾರಿದವರು. ಹಿಡಿಯಲಿಲ್ಲ, ನಿಜ.
ತುಕ್ಕಿಗೆ ಬೇರೆ ಹೆಸರುಗಳೂ ಇವೆ
ಅನ್ನುವುದನ್ನು ನುಂಗಿಕೊಂಡರು, ಅಷ್ಟೆ.

ಇಪ್ಪತ್ತಾರು ವರ್ಷದ ಬಿಸಿಲು.
ಬೆರಳಿಟ್ಟರೆ ಸುಣ್ಣ.
ರಾಳ ಸವೆದಲ್ಲಿ ನೂಲು ಎದ್ದು ನಿಂತಿದೆ
ಮುದುಕರ ಕಿವಿಯ ಕೂದಲ ಹಾಗೆ, ಬೆಳ್ಳಗೆ;
ಮುಟ್ಟಿದರೆ ಮೂರು ದಿನ ಅಂಗೈ ನವೆ.
ಕೈಗೇನಾಯ್ತಮ್ಮ ಎಂದು ಮಗ ಕೇಳಿದರೆ
ಪೈಪು ಕಚ್ಚಿತು ಅನ್ನುತ್ತೇನೆ.

ಫಾರ್ಮಿನಲ್ಲಿ ಬರೆಯುತ್ತೇನೆ:
ಕಂಬ ನಾನೂರ ಹನ್ನೆರಡು, ಬಿಸಿಲು ಬೀಳುವ ಉತ್ತರದ ಮೈ,
ಜೇಡರ ಬಲೆಯಂಥ ಬಿರುಕು,
ಕಡಲೆಕಾಳಿನ ಗಾತ್ರದ ಬೊಬ್ಬೆ, ಏಳು. ಅಲ್ಲ, ಎಂಟು.
ಆಮೇಲೆ ಜೇಬಿನಿಂದ ನಾಣ್ಯ ತೆಗೆದು ಕುಟ್ಟುತ್ತೇನೆ.
ಟಣ್.
ಟಣ್.
ಟಣ್.
ರೂಪ ಹೋದರೇನು, ಗಟ್ಟಿಯಿದ್ದೀಯ. ಮುಂದೆ.

ನಾನೂರ ಮೂವತ್ತರ ಬಳಿ ಒಂದು ಜೋಡಣೆ,
ಬಂಡೆಯ ನೆರಳಲ್ಲಿ. ಸುಣ್ಣವಿಲ್ಲ, ಬಿರುಕಿಲ್ಲ,
ಬಣ್ಣ ಇನ್ನೂ ಮದುವೆಮನೆಯ ತಟ್ಟೆಯಂತೆ ಹೊಳಪು.
ಬರೆಯುವುದೇನಿದೆ ಎಂದು ಸುಮ್ಮನೆ ಕುಟ್ಟಿದೆ.
ಟಣ್. ಟಣ್.
ದೊಪ್.

ಜೀಪಿನ ಬಾಗಿಲಲ್ಲಿ ಬ್ರೆಡ್ಡು ತಿನ್ನುತ್ತಿದ್ದ
ಎಲ್ಯುತೆರಿಯೊ ಮಾಮಾನಿ ಅಗಿಯುವುದ ನಿಲ್ಲಿಸಿದ.
ನಮ್ಮ ಡ್ರೈವರು, ಒಂದು ಕಿವಿ ಮಂದ;
ನಾನು ಮೂರು ಸಲ ಕರೆದರೂ ತಿರುಗದವನು.
"ಇನ್ನೊಮ್ಮೆ ಕುಟ್ಟು" ಎಂದ.
ದೊಪ್.

"ಇದು ನಾನು ಸುತ್ತಿದ್ದು.
ಜೂನ್ ತಿಂಗಳು. ಕಡಲಿಂದ ಕಮಾಂಚಾಕ ಮಂಜು
ನೇರ ಡೇರೆಯೊಳಗೇ ಬಂತು.
ಬಟ್ಟೆ ಒದ್ದೆ, ರಾಳ ಬೆವರುತ್ತಿತ್ತು.
ನಾಳೆ ಸುತ್ತೋಣ ಅಂದೆ.
ಫೋರ್‌ಮನ್ ಬಾಯಿ ತೆರೆಯಲಿಲ್ಲ,
ಗಡಿಯಾರ ತೋರಿಸಿದ.
ಸುತ್ತಿದೆ. ಮೇಲೆ ಬಣ್ಣ ಚೆನ್ನಾಗಿ ಹಚ್ಚಿದೆ."

ಫಾರ್ಮಿನಲ್ಲಿ "ಕಾರಣ" ಎಂಬಲ್ಲಿ ಮೂರು ಚೌಕ:
ಬಿಸಿಲು. ಹೊಡೆತ. ವಯಸ್ಸು.
ಒಂದು ಬೆಳಗಿನ ಮಂಜಿಗೆ,
ಒಬ್ಬನ ಮಣಿಕಟ್ಟಿನ ಗಡಿಯಾರಕ್ಕೆ ಚೌಕವಿಲ್ಲ.
ಅಂಚಿನಲ್ಲಿ ಬರೆಯಲೆ ಎಂದೆ.
"ನನ್ನ ಹೆಸರನ್ನೂ ಬರಿ," ಎಂದ,
"ಎರಡು ಎಲ್ ಬೇಡ, ಒಂದೇ."

ಕೆಂಪು ಸೀಮೆಸುಣ್ಣ ಅವನೇ ಇಸಿದುಕೊಂಡ.
ನಾನು ಕುಟ್ಟುತ್ತ ಹೋದೆ, ಕೇಳುವ ಕಿವಿ ಪೈಪಿಗೊತ್ತಿ
ಅವನು ಗೆರೆ ಎಳೆಯುತ್ತ ಬಂದ,
ದೊಪ್ ಮುಗಿದು ಟಣ್ ಶುರುವಾಗುವ ಕಡೆಯೆಲ್ಲ.
ಅಂಗೈಯಗಲ ಅಂದುಕೊಂಡಿದ್ದೆವು.
ಗೆರೆ ಹೊಟ್ಟೆಯ ಕೆಳಗೆ ಇಳಿಯಿತು,
ಅವನ ತೋಳು ಸಾಲಲಿಲ್ಲ.

ಮರಳಲ್ಲಿ ಅಂಗಾತ ಮಲಗಿ
ಉಳಿದದ್ದು ನಾನೆಳೆದೆ.