ನಡುವಿಗೆ ಕಾಲಿಡು

ಅಂಚಿಗಲ್ಲ, ನಡುವಿಗೆ ಕಾಲಿಡು ಅಂದ ಬಂಗಾರೆಪ್ಪ.
ಇಟ್ಟದ್ದು ಅಂಚಿಗೇ.
ತೆಪ್ಪ ಮುಖ ತಿರುವಿತು, ಮೊಣಕಾಲವರೆಗೆ ಕೃಷ್ಣೆ,
ಬಿಳಿ ಕೋಟಿನ ಜೇಬಿನಲ್ಲಿ ಒದ್ದೆಯಾಯಿತು
ಐದು ಮನೆಗಳ ಹೆಸರಿದ್ದ ಹಾಳೆ.

ಮೊದಲ ವರ್ಷದವರು ಐದೈದು ಕುಟುಂಬ
ದತ್ತು ತೆಗೆದುಕೊಳ್ಳಬೇಕು, ನಿಯಮ.
ಉಳಿದವರಿಗೆ ರಾಯಚೂರಿನ ಅಂಚಿನ ಓಣಿಗಳು ಸಿಕ್ಕವು, ಬಸ್ಸು ಹೋಗುವಂಥವು.
ನನ್ನ ಚೀಟಿಗೆ ಬಂದದ್ದು ಮಲ್ಲೇಗಡ್ಡಿ:
ಸುತ್ತ ನೀರು, ನಡುವೆ ಎಪ್ಪತ್ತು ಮನೆ,
ದಂಡೆಯಿಂದ ಹೊರಟು ಹೊಳೆಯ ಮಧ್ಯದಲ್ಲಿ
ಮನಸ್ಸು ಬದಲಿಸಿ ನಿಂತ ಸೇತುವೆಯ ಆರು ಕಂಬ,
ಒಂದೊಂದರ ಮೇಲೆ ಒಂದೊಂದು ನೀರುಕಾಗೆ.

ಚಿಂತಾಮಣಿಯ ಹುಡುಗಿ ನಾನು. ನಮ್ಮಲ್ಲಿ ನೀರೆಂದರೆ
ಸಾವಿರದ ಇನ್ನೂರು ಅಡಿ ಕೆಳಗಿರುವ ಸುದ್ದಿ.
ಇಷ್ಟೊಂದು ಮೇಲೆಯೇ ಹರಿಯುವುದು ಕಂಡು
ಏನೋ ಸೋರಿಹೋಗುತ್ತಿದೆ, ಯಾರಾದರೂ ನಲ್ಲಿ ನಿಲ್ಲಿಸಿ
ಅನ್ನಿಸಿತ್ತು.

ಉರುಕುಂದಮ್ಮ ಕಟ್ಟೆಯ ಮೇಲೆ ಬಲೆ ಹೆಣೆಯುತ್ತಿದ್ದಳು.
"ನಮ್ಮನ್ನ ದತ್ತಕ ತಗೊಂಡೀಯಂತ.
ಆಸ್ತಿ ಎಷ್ಟೈತಿ ನಿಂದು?"
ಒಂದು ಹಾಸ್ಟೆಲ್ ಮಂಚ, ಎರಡು ಬಕೆಟ್ಟು, ಅಂದೆ.
ನಕ್ಕಾಗ ಒಂದೇ ಹಲ್ಲು.
ಆಮೇಲೆ ಸೊಸೆಗೆ ತೆಲುಗಿನಲ್ಲಿ ಏನೋ ಗೊಣಗಿದಳು,
ಈ ಪಿಲ್ಲ ಉಣ್ಣದೆ ಬಂದಿದೆ ಎಂದಿರಬೇಕು.
ನಮ್ಮಜ್ಜಿಯ ತೆಲುಗಲ್ಲ ಅದು; ಹಸಿವಿನ ಭಾಗ ಮಾತ್ರ ತಿಳಿಯಿತು.
ಕಡಕ್ ರೊಟ್ಟಿ, ಪುಂಡಿಪಲ್ಲೆ. ಒಸಡು ಕೊಯ್ದುಕೊಂಡು ತಿಂದೆ.

ಸಂಜೆ ಮೇಲಿನ ಡ್ಯಾಮಿನಿಂದ ನೀರು ಬಿಟ್ಟರು.
ಮೂರು ದಿನ ತೆಪ್ಪ ದಂಡೆಯಲ್ಲಿ ಬೋರಲು.

ಅವಳ ಇನ್ಸುಲಿನ್ ಗಡಿಗೆಯೊಳಗೆ,
ಗಡಿಗೆ ಒದ್ದೆ ಮರಳಿನೊಳಗೆ. ಫ್ರಿಜ್ಜು ಒಂದಿದೆ ಊರಲ್ಲಿ,
ಅದರಲ್ಲಿ ಬಟ್ಟೆ ಇಡುತ್ತಾರೆ.
ಹಿಂದಿನ ವಾರವಷ್ಟೇ ಮೈಕ್ರೋಸ್ಕೋಪಿನಡಿ ನೋಡಿದ್ದೆ:
ಮೇದೋಜೀರಕದ ಗುಲಾಬಿ ಹೊಳೆಯಲ್ಲಿ
ತಿಳಿಬಣ್ಣದ ಗಡ್ಡೆಗಳು. ಅವಕ್ಕೆ ಹೆಸರೇ ದ್ವೀಪ.
ಬಣ್ಣದ ಪೆನ್ಸಿಲ್ಲಲ್ಲಿ ಬರೆದು ಹತ್ತಕ್ಕೆ ಏಳು ತಗೊಂಡಿದ್ದೆ.
ಇವಳ ಹೊಟ್ಟೆಯೊಳಗಿನ ದ್ವೀಪಗಳ ಮಂದಿ
ಯಾವಾಗ ಊರು ಬಿಟ್ಟರೋ,
ಸಕ್ಕರೆ ಮುನ್ನೂರ ಹನ್ನೆರಡು.
ನಾನು ಚುಚ್ಚಲೇ ಅಂದೆ. ನನ್ನ ಕೈ ನೋಡಿ
ಸೂಜಿ ಕಸಿದುಕೊಂಡಳು,
ಬಲೆಗೆ ಗಂಟು ಹಾಕಿದಷ್ಟು ಸಲೀಸಾಗಿ ತಾನೇ ಚುಚ್ಚಿಕೊಂಡಳು.
"ನೋಡ್ಕೊ. ಹಿಂಗ."

ರಾತ್ರಿ ಆಚೆ ದಂಡೆಯಲ್ಲಿ ಶಕ್ತಿನಗರದ ಚಿಮಣಿಗಳ ಕೆಂಪು ದೀಪ.
ಎಲ್ಲೆಲ್ಲಿಗೋ ಕರೆಂಟು ಅಲ್ಲಿಂದ; ನಮ್ಮ ನಡುವೆ ಕಂದೀಲು.
ಕೂದಲು ಮೂಸಿಕೊಂಡೆ: ಫಾರ್ಮಲಿನ್ ಹೋಗಿರಲಿಲ್ಲ.
"ಹೆಣ ಕೊಯ್ತೀರಂತ, ಖರೆ ಏನವ್ವ?"
ಹೂಂ, ಮೊದಲ ದಿನ ಬಿದ್ದುಬಿಟ್ಟೆ, ಅಂದೆ.
ಬಂಗಾರೆಪ್ಪ ನಗಲಿಲ್ಲ. ಬೀಡಿ ಆರಿಸಿದ.
"ಹೊಳ್ಯಾಗಿಂದ ಒಂಬತ್ತು ತಗದೀನಿ ನಾನು.
ಹೆಸರು ಹಿಡದು ಕರೀಬೇಕು.
ಗೊತ್ತಿಲ್ಲಂದ್ರ ಅಪ್ಪಾ ಅನಬೇಕು, ಅವ್ವಾ ಅನಬೇಕು.
ಸುಮ್ಮ ಎಳದ್ರ ಭಾರ ಆಗತಾವ.
ನಿಮ್ಮ ಮೇಜಿನ ಮ್ಯಾಲಿನವನ ಹೆಸರೇನು?"

ಹದಿನಾಲ್ಕು, ಅಂದೆ.

ಹೊಳೆಯ ಸದ್ದು, ಬಹಳ ಹೊತ್ತು.

ನಾಲ್ಕನೇ ದಿನ ನೀರಿಳಿಯಿತು.
ಒಣಮೀನು ಕಟ್ಟಿಕೊಟ್ಟಳು ಉರುಕುಂದಮ್ಮ,
ರೂಮಿನ ಮೂವರೂ ನನಗೆ ಶಾಪ ಹಾಕುವಷ್ಟು.
"ಇವತ್ತು ಇನ್ನೂರ ನಲವತ್ತು, ಬರಕೋ."
ಹಾಳೆ ಹಿಟ್ಟಾಗಿತ್ತು; ಅಂಗೈ ಮೇಲೆ ಬರೆದುಕೊಂಡೆ.

ಸೋಮವಾರ. ಗ್ಲೌಸು ಹಾಕುವ ಮುಂಚೆ
ಅಂಗೈಯಲ್ಲಿ ಎರಡು ಇತ್ತು, ನಾಲ್ಕು ಇತ್ತು,
ಸೊನ್ನೆ ಅಳಿಸಿಹೋಗಿತ್ತು.
ನಾವಿನ್ನೂ ಮುಟ್ಟದ ಎಡ ಮುಂಗೈಯಲ್ಲಿ ಒಂದು ಹಚ್ಚೆ,
ಅರ್ಧ ಅಕ್ಷರ, ಕನ್ನಡವೋ ತೆಲುಗೋ.
ಎರಡು ತಿಂಗಳಿಂದ ಅಲ್ಲೇ ಇತ್ತು.
ಅಪ್ಪಾ, ಅಂದೆ,
ಪಕ್ಕದ ಮೇಜಿಗೆ ಕೇಳಿಸದಷ್ಟು.
ಭಾರ ಇಳಿಯಿತೆಂದು ಹೇಳಲಾರೆ.
ಮೇಜಿನಂಚು ಹಿಡಿದಿದ್ದ ಕೈ ಬಿಟ್ಟು
ಒಂದು ಹೆಜ್ಜೆ ಹತ್ತಿರ ನಿಂತೆ, ಅಷ್ಟೆ.