ಬಟ್ಟಲಿನ ತೂತು

ನಮ್ಮಜ್ಜ ಕಳ್ಳ. ಊರಿಗೆಲ್ಲ ಗೊತ್ತು.
ಯಜ್ದ್‌ನಾಚೆ, ಮರಳಿನ ಅಂಚಿನಲ್ಲಿ,
ಬೆಟ್ಟದಡಿಯ ಸುರಂಗದಿಂದ ಬರುತ್ತಿದ್ದ ನೀರನ್ನು
ಆಗ ಅಳೆಯುತ್ತಿದ್ದುದು ತಾಮ್ರದ ಗಳಿಗೆ ಬಟ್ಟಲು:
ತಳದಲ್ಲಿ ಸೂಜಿಮೊನೆಯ ತೂತು,
ಒಮ್ಮೆ ತುಂಬಿ ಮುಳುಗಿದರೆ ಒಂದು ಪಾಲು.
ಮೀರಾಬ್ ನುಸ್ರತುಲ್ಲಾ ಕಣ್ಣು ಮಿಟುಕಿಸದೆ ಕೂತು
ಪಾಲಿಗೊಂದು ಬೆಣಚುಕಲ್ಲು ಎತ್ತಿಡುತ್ತಿದ್ದ.

ನಮ್ಮ ಸರದಿಯ ರಾತ್ರಿ, ಅವನು ನಮಾಜಿಗೆದ್ದ ಹೊತ್ತು,
ಅಜ್ಜ ತೂತಿಗೆ ಸಾಸಿವೆಯಷ್ಟು ಮೇಣ ಮೆತ್ತಿದ.
ಬಟ್ಟಲು ತೇಲಿತು, ತೇಲುತ್ತಲೇ ಇತ್ತು;
ದಾಳಿಂಬೆ ತೋಟ ಗಟಗಟ ಕುಡಿಯಿತು.
ಬೆಳಗಾಗುವಾಗ ಊರೇ ನೀರುಮನೆಯ ಮುಂದೆ.
ದಂಡ: ಎರಡು ಕುರಿ, ಮೂರು ಸರದಿ.
ವಿಧವೆ ಗುಲಂದಾಮ್ ಮಾತ್ರ ದಂಡ ಬೇಡವೆಂದಳು,
ಕೆರ ಕಳಚಿ ಅವನ ಬೆನ್ನಿಗೆ ಒಂದೇ ಒಂದು ಬಿಟ್ಟಳು.
ಹೋದದ್ದು ಅವಳ ಪಾಲಿನ ನೀರು.

ಅಪ್ಪ ಡೀಸೆಲ್ ಪಂಪು ತಂದ.
ಸ್ವಂತ ಬಾವಿ, ಸ್ವಂತ ಹೊತ್ತು, ನೋಡುವ ಕಣ್ಣಿಲ್ಲ.
ಸುರಂಗ ಬತ್ತಿದ್ದು ಯಾವ ವರ್ಷವೆಂದು ಕೇಳಿದರೆ
ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಮೀರಾಬ್ ಕೊನೆಗಾಲದಲ್ಲಿ ಪಂಪಿನ ಬೆಲ್ಟು ಮಾರುತ್ತಿದ್ದ.

ನನ್ನ ಬಾವಿಗೆ ಈಗ ಮೀಟರು.
ಹೋದ ತಿಂಗಳು ಅದಕ್ಕೆ ಅಯಸ್ಕಾಂತ ಅಂಟಿಸಿದೆ;
ಅಜ್ಜನ ಮೊಮ್ಮಗ, ಏನು ಮಾಡುವುದು.
ಮೀಟರು ತಾನೇ ಪಟ್ಟಣಕ್ಕೆ ಸುದ್ದಿ ಮುಟ್ಟಿಸಿತು.
ಫೋನು ಒಮ್ಮೆ ಗುಂಯ್ ಎಂದಿತು: ದಂಡದ ಮೊತ್ತ.
ಹೆಬ್ಬೆರಳೊತ್ತಿ ಕಟ್ಟಿದೆ. ಮುಗಿಯಿತು.

ಪಕ್ಕದ ತೋಟದಲ್ಲಿ ಗುಲಂದಾಮಳ ಮೊಮ್ಮಗ
ಕತ್ತರಿ ಹಿಡಿದು ಗಿಡ ಸವರುತ್ತಿದ್ದ.
ಅವನ ನೀರೂ ಅದರಲ್ಲಿತ್ತಲ್ಲ,
ಬೇಲಿಯ ತನಕ ಹೋಗಿ ನಿಂತೆ.
ಅವನು ತಲೆಯೆತ್ತಿ
"ಚಹಾ ಕುಡಿತೀಯಾ?" ಅಂದ.