ಸೀಳು ಕೊರೆದ ರಟ್ಟು

ಅಲ್ಮಾಟಿಯಲ್ಲಿ ಟೀಚರಮ್ಮನನ್ನು ‘ಅಪಾಯ್’ ಎನ್ನುತ್ತಾರೆ.
ನಮ್ಮ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ,
ಸಂಝಾರನ ಕಿವಿಗೂ ಮೊದಲ ವಾರ ಹಾಗೇ ಕೇಳಿಸಿರಬೇಕು.

ಮೂರನೇ ಮಹಡಿ. ಕೆಳಗೆ ಹಲ್ಲಿನ ದವಾಖಾನೆ.
ಗೋಡೆಯ ಮೇಲೆ ಇಪ್ಪತ್ತೈದು ಮನೆಯ ಚೌಕ,
ಒಂದರಿಂದ ಇಪ್ಪತ್ತೈದರವರೆಗಿನ ಅಂಕಿಗಳು
ಯಾರೋ ಮುಷ್ಟಿಯಲ್ಲಿ ಕುಲುಕಿ ಚೆಲ್ಲಿದ ಹಾಗೆ.
‘ನಡುಮನೆ ಬಿಟ್ಟು ಕಣ್ಣು ಕದಲಕೂಡದು,
ಉಳಿದವು ತಾವಾಗಿ ಕಾಣಬೇಕು’ ಎಂದರು ಗುಲ್ಝಿಹಾನ್ ಅಪಾಯ್.
ಒಂದು, ಎರಡು, ಮೂರು ಸಿಕ್ಕವು.
ನಾಲ್ಕನ್ನು ಹುಡುಕುತ್ತ ಹೋದವನಿಗೆ
ಕಿಟಕಿಯಾಚೆ ಟ್ರಾಲಿಬಸ್ಸಿನ ಕೊಂಬು ತಂತಿ ತಪ್ಪಿದ್ದು ಕಂಡಿತು.
ಚಾಲಕಿ ಇಳಿದು, ಕೈಗವಸು ತೊಟ್ಟು,
ಹಗ್ಗ ಎಳೆದೆಳೆದು ಅದನ್ನು ಮತ್ತೆ ಸಿಕ್ಕಿಸುವವರೆಗೂ
ನಾಲ್ಕು ಎಲ್ಲೂ ಹೋಗದೆ ಅಲ್ಲೇ ಕಾದಿತ್ತು.

ತುಟಿ ಅಲ್ಲಾಡಬಾರದು.
ಒಳಗೊಬ್ಬ ಓದಿ ಹೇಳುವವನು ಇದ್ದಾನಲ್ಲ,
ಅವನ ಬಾಯಿ ಕಟ್ಟಲು ಪೆನ್ಸಿಲ್ಲಿನಿಂದ ಮೇಜು ಬಡಿ, ಟಕ ಟಕ ಟಕ.
ಒಂದೊಂದೇ ಪದ ಕೀಳಬೇಡ, ಗೊಂಚಲನ್ನೇ ಹಿಡಿ.
ಮತ್ತು ಹಿಂದಕ್ಕೆ ಹೋಗಬೇಡ. ಹೋದೀಯ, ಜೋಕೆ.
ಅವನೋ ಹಿಂದಕ್ಕೆ ಹೋಗುವುದರಲ್ಲೇ ಪಂಡಿತ:
ಒಂದು ಸಾಲಿಗೆ ನಾಲ್ಕು ಸಲ ಕದ ತಟ್ಟಿ
ಐದನೆಯ ಸಲ ಯಾರ ಮನೆಯೆಂದೇ ಮರೆತು ನಿಲ್ಲುವವನು.
ನಿಮಿಷಕ್ಕೆ ಅರವತ್ತೆರಡು ಪದ.
ಪಕ್ಕದ ತೊಮಿರಿಸ್ ಇನ್ನೂರ ಹತ್ತು.
(ಕತೆಯಲ್ಲಿ ಕುದುರೆ ಸತ್ತದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ,
ಅದು ಬೇರೆ ಮಾತು.)

ನವೆಂಬರಿನಲ್ಲಿ ಅಪಾಯ್ ಚಹದ ಡಬ್ಬಿಯ ರಟ್ಟು ಕತ್ತರಿಸಿ
ಒಂದೇ ಸಾಲು ಕಾಣುವಷ್ಟು ಸೀಳು ಕೊರೆದು ಕೊಟ್ಟರು.
ಪುಟದ ಮೇಲಿಟ್ಟು ಜಾರಿಸುತ್ತ ಹೋಗು.
ಮೇಲಿನದು ಮುಗಿದ ಮಾತು, ಕೆಳಗಿನದು ಇನ್ನೂ ಹುಟ್ಟಿಲ್ಲ.
ಮೊದಲ ಸಲ ಒಂದು ಸಾಲು
ಓಡಿಹೋಗದೆ ಅವನ ಮುಂದೆ ಕೂತಿತು.
ಎಂಬತ್ತು. ತೊಂಬತ್ತೇಳು.
ಮತ್ತೆ ಎಂಬತ್ತೊಂದು, ನೆಗಡಿ. ನೂರ ಹದಿಮೂರು.
ಊಟದ ತಟ್ಟೆಯ ಮೇಲೂ ಇಟ್ಟು ನೋಡಿದ. ಅಜ್ಜಿ ಬೈದಳು.

ಒಂದು ಗುರುವಾರ ಬೇಗ ಬಂದ.
ಸ್ಟಾಪ್‌ವಾಚ್ ತಾನೇ ಕೈಗೆತ್ತಿಕೊಂಡು
ಬಾಗಿಲಲ್ಲೇ ನಿಂತು, ತಮಾಷೆಗೆ,
ಸೀಳಿನಿಂದ ಕೋಣೆಯನ್ನು ಓದತೊಡಗಿದ:
ಹೀಟರು. ಸೇಬಿನ ಸಿಪ್ಪೆ. ಕೋಟು. ಅಪಾಯ್.
ಅವರ ಕೈಯಲ್ಲಿ ನೀಲಿ ಮೊಹರಿನ ಅರ್ಧ ಹಾಳೆ.
ಬೆರಳು ಅಕ್ಷರದಿಂದ ಅಕ್ಷರಕ್ಕೆ ತೆವಳುತ್ತಿತ್ತು.
ತುಟಿ ಅಲ್ಲಾಡುತ್ತಿತ್ತು.
ಕೊನೆ ಮುಟ್ಟಿ ಮತ್ತೆ ಮೊದಲಿಗೆ. ಮತ್ತೆ.
ಮೂರನೆಯ ಸಾಲಿಗೆ ಬಂದು ಬೆರಳು ನಿಂತೇಬಿಟ್ಟಿತು.

ಅವನು ರಟ್ಟು ಇಳಿಸಿದ.
ಓಡುತ್ತಿದ್ದ ಗಡಿಯಾರವನ್ನು ಜೇಬಿನಲ್ಲಿ ಮಗುಚಿಟ್ಟ.
ಸದ್ದಾಗದಂತೆ ಕದ ಎಳೆದುಕೊಂಡು
ಮೆಟ್ಟಿಲು ಹತ್ತಿ ಬಂದ ತೊಮಿರಿಸಳನ್ನೂ ಉಳಿದವರನ್ನೂ
‘ಇನ್ನೂ ಹೊತ್ತಾಗಿಲ್ಲ’ ಎಂದು ತಡೆದ.

ಕೆಳಗೆ ಯಾರದೋ ಹಲ್ಲು ಕೊರೆಯುತ್ತಿದ್ದರು.
ಎಷ್ಟು ಹೊತ್ತು ನಿಂತನೋ,
ಮುಚ್ಚಿದ ಬಾಗಿಲ ನಟ್ಟನಡುವೆ ಕಣ್ಣಿಟ್ಟು,
ಕದಲದೆ.